ಮಿರ್ಚಿ ಬೆರಳು, ಗಾಜಿನ ಪರದೆ

ನಮ್ಮ ಭಾವಮೈದನ ಹೊಸ ಕಾರಿನ ಡ್ಯಾಶ್‌ಬೋರ್ಡಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಟಚ್‌ಸ್ಕ್ರೀನು. ಗುಂಡಿ ಅಂತ ಹುಡುಕಿದರೆ ಅವನ ಅಂಗಿಯಲ್ಲಷ್ಟೇ ಇವೆ! ಚಳ್ಳಕೆರೆಯ ಏಪ್ರಿಲ್ ಬಿಸಿಲಲ್ಲಿ ಎ.ಸಿ. ಜಾಸ್ತಿ ಮಾಡಲು ಒಂದು ಮೆನು, ಅದರೊಳಗೆ ಇನ್ನೊಂದು. ಅಷ್ಟರಲ್ಲಿ ಬಳ್ಳಾರಿ ರಸ್ತೆಗೆ ಕುರಿಹಿಂಡು ಇಳಿದಿರುತ್ತದೆ. ಮಿರ್ಚಿ-ಮಂಡಕ್ಕಿ ತಿಂದ ಬೆರಳು ತಾಗಿತೋ, ಎ.ಸಿ. ಬದಲು ಎಫ್‌.ಎಂ. ಹಾಡತೊಡಗುತ್ತದೆ. ಎಣ್ಣೆ ನಗರವೆಂದೇ ಹೆಸರಾದ ಊರಿಗೆ ಇಂಥ ಪರದೆ ಕಳಿಸಿದವರ ಧೈರ್ಯ ಮೆಚ್ಚಬೇಕು.

2022ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಪರೀಕ್ಷೆ ಮಾಡಿತ್ತು. ಗುಂಡಿಗಳಿದ್ದ 2005ರ ವೋಲ್ವೊದಲ್ಲಿ 10 ಸೆಕೆಂಡಿಗೆ ಮುಗಿದ ನಾಲ್ಕು ಕೆಲಸಕ್ಕೆ ಪರದೆಯ ಹೊಸ ಕಾರೊಂದರಲ್ಲಿ ಸುಮಾರು 45 ಸೆಕೆಂಡು ಹಿಡಿಯಿತು. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್‌ನವರೂ 2026ರಿಂದ ಹಾರ್ನು, ವೈಪರು, ಇಂಡಿಕೇಟರುಗಳಿಗೆ ಕೈಗೆ ಸಿಗುವ ಗುಂಡಿಯೋ ಕಡ್ಡಿಯೋ ಇದ್ದರೇ ಪೂರ್ತಿ ಅಂಕ ಅಂದಿದ್ದಾರೆ. ನನ್ನ ಕೇಳಿದರೆ, ಮ್ಯಾಪು, ಹಿಂಬದಿ ಕ್ಯಾಮೆರಾ ಪರದೆಗಿರಲಿ; ಎ.ಸಿ.ಗೂ ಸೌಂಡಿಗೂ ಕಣ್ಣುಮುಚ್ಚಿ ತಿರುಗಿಸುವಂಥ ತಿರುಗಣಿ ಇರಲಿ.

"ಭಾವ, ಇದು ಮುಂದಿನ ಕಾಲದ ಗಾಡಿ" ಅಂದ. ಇರಬಹುದು. 2024ರಲ್ಲಿ ಇಸ್ರೋದ ಮರುಬಳಕೆ ನೌಕೆ ಪುಷ್ಪಕ್ ನಮ್ಮ ಪಕ್ಕದ ರನ್‌ವೇ ಮೇಲೆ ಪೈಲಟ್ಟೇ ಇಲ್ಲದೆ ಇಳಿಯಿತಲ್ಲ, ಅದರಲ್ಲಿ ಮಿರ್ಚಿ ತಿನ್ನುವವರು ಯಾರೂ ಇರಲಿಲ್ಲ.

"ಸರಿ, ಪರದೆ ಒರೆಸೋಕೆ ಬಟ್ಟೆ ಎಲ್ಲಯ್ಯಾ?"

"ಗ್ಲೋವ್‌ಬಾಕ್ಸಲ್ಲಿದೆ ಭಾವ. ಅದನ್ನ ತೆಗಿಯೋಕೆ ಪರದೆ ಮುಟ್ಟಬೇಕು."