ಕತ್ತಲಗೆರೆ ಘರಾಣೆಯ ಭೂದೃಶ್ಯಕಲೆ: ಒಂದು ತಾತ್ತ್ವಿಕ ಜಿಜ್ಞಾಸೆ

ಭೂದೃಶ್ಯವನ್ನು ಕಾಗದದ ಮೇಲೆ ಬರೆಯುವುದು ಹಳೆಯ ಪದ್ಧತಿ. ಕೆ. ವೆಂಕಟಪ್ಪನವರು ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಹಿಡಿದರು, ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳನ್ನು. ಇಬ್ಬರೂ ನೆಲಕ್ಕೇ ಕೈಹಾಕಲಿಲ್ಲ. ಆ ಲೋಪವನ್ನು ರಾಬರ್ಟ್ ಸ್ಮಿತ್‌ಸನ್ 1970ರಲ್ಲಿ ಅಮೆರಿಕದ ಯೂಟಾದ ಉಪ್ಪು ಸರೋವರದಲ್ಲಿ 1500 ಅಡಿ ಉದ್ದದ ಕಲ್ಲುಮಣ್ಣಿನ ಸುರುಳಿ ಹಾಕಿ ಸರಿಪಡಿಸಿದ. ನಮ್ಮ ಕಡೆಯ ಸೂಳೆಕೆರೆ ಏರಿಯನ್ನು ಮೊದಲೇ ನೋಡಿದ್ದರೆ ಕಲ್ಲುಮಣ್ಣು ತಂದ ಲಾರಿಗಳನ್ನು ವಾಪಸು ಕಳಿಸುತ್ತಿದ್ದನೆಂಬುದು ನಮ್ಮ ಖಚಿತ ಮತ.

ಭದ್ರಾ ಅಚ್ಚುಕಟ್ಟಿನ ಊರಾದ ಕತ್ತಲಗೆರೆಯಲ್ಲಿ ನೆಲವೇ ಕ್ಯಾನ್ವಾಸು. ಇಲ್ಲಿನ ಕಲಾವಿದನ ಮೊದಲ ಘಟ್ಟ ಜಲವರ್ಣ ಯುಗ. ಭದ್ರಾ ನಾಲೆಗೆ ನೀರು ಬಿಟ್ಟೊಡನೆ ಗದ್ದೆಗೆ ನೀರು ಕಟ್ಟಿ, ಟ್ರ್ಯಾಕ್ಟರಿಗೆ ಕೇಜ್‌ವೀಲ್ ತೊಡಿಸಿ ಕೆಸರು ಕಲಸಿ, ಮಡಿಮಡಿಯಲ್ಲೂ ಆಕಾಶ ಮೂಡಿಸುತ್ತಾನೆ. ನಾಟಿಯ ಹೆಣ್ಣಾಳುಗಳು ಆ ಆಕಾಶದ ಮೇಲೆ ಹಸಿರು ಚುಕ್ಕೆ ಇಡುತ್ತಾರೆ. ಪ್ಯಾರಿಸ್ಸಿನವರು 1880ರ ದಶಕದಲ್ಲಿ ಇಂಥ ಚುಕ್ಕೆಗಳಿಗೆ ‘ಪಾಯಿಂಟಿಲಿಸಂ’ ಎಂದರು. ಇಲ್ಲಿ ಎಕರೆಗಿಷ್ಟೆಂದು ಗುತ್ತಿಗೆ. ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಾಕುಗಳಿಗೆ ಫಲಕ ನೆಟ್ಟು, ಗ್ಯಾಲರಿಯ ಶಿಸ್ತನ್ನೂ ಪಾಲಿಸಲಾಗಿದೆ. ಬಣ್ಣಕ್ಕೆ ಎಷ್ಟು ನೀರು ಬೆರೆಸಬೇಕೆಂಬುದನ್ನು ಮಾತ್ರ ಕಲಾವಿದನಲ್ಲ, ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಬೇಸಿಗೆ ಬೆಳೆಗೆ ನೀರಿಲ್ಲವೆಂದ ವರ್ಷದ ಖಾಲಿ ಕ್ಯಾನ್ವಾಸನ್ನು ‘ಮಿನಿಮಲಿಸಂ’ ಎಂದು ಓದಿಕೊಳ್ಳತಕ್ಕದ್ದು.

ಈಗ ಆತ ಹೊಸ ಪ್ರಯೋಗಕ್ಕಿಳಿದಿದ್ದಾನೆ. ಗದ್ದೆ ಒಣಗಿಸಿ, ಬಸಿಗಾಲುವೆ ತೆಗೆದು, 9 ಅಡಿಗೊಂದರಂತೆ ಅಡಿಕೆ ಸಸಿ ಇಡುತ್ತಾನೆ: ಎಕರೆಗೆ ಸುಮಾರು 537 ಲಂಬರೇಖೆ. ಮೊದಲ ಐದಾರು ವರ್ಷ ಫಸಲಿಲ್ಲವಾದ್ದರಿಂದ ಇದು ಶುದ್ಧ ಕಲೆ. ನಡುವಿನ ಬಾಳೆ ವಾಣಿಜ್ಯ ಕಲೆ.

ಪೂರ್ವಪಕ್ಷ: ಇದು ಕಲೆಯಲ್ಲ, ಕ್ವಿಂಟಾಲ್ ರೇಟು ನೋಡಿ ಮಾಡಿದ ಕೆಲಸ. ಸಮಾಧಾನ: ರೇಟು ನೋಡದ ಕಲಾವಿದನನ್ನು ಪೂರ್ವಪಕ್ಷದವರೇ ತೋರಿಸಲಿ.

ಬದುವಿನ ಮೇಲೆ ನಿಂತು ಕಲಾವಿದರೊಬ್ಬರನ್ನು ಅವರ ಸೌಂದರ್ಯದೃಷ್ಟಿಯ ಬಗ್ಗೆ ಕೇಳಲಾಯಿತು. “ನಾಟಿಗೆ ಆಳು ಸಿಗಲ್ಲ ಕಣ್ರೀ, ನೀರಿಂದೂ ಗ್ಯಾರಂಟಿ ಇಲ್ಲ. ಅದುಕ್ಕೆ ಅಡಿಕೆ ಹಾಕೀವಿ” ಎಂದರು. ಮನುಷ್ಯಾಕೃತಿಯನ್ನು ಭೂದೃಶ್ಯದಿಂದ ಅಳಿಸಿಹಾಕುವ ಆಧುನಿಕೋತ್ತರ ನಿಲುವಿಗೆ ಇದಕ್ಕಿಂತ ಸ್ಪಷ್ಟ ಪ್ರಣಾಳಿಕೆ ಬೇಕಿಲ್ಲ. ಅಡಿಕೆಗೂ ನೀರು ಬೇಕಲ್ಲವೇ ಎಂಬ ಪ್ರಶ್ನೆ ಕೊಳವೆಬಾವಿಶಾಸ್ತ್ರಕ್ಕೆ ಸೇರಿದ್ದರಿಂದ ಕೈಬಿಡಲಾಗಿದೆ.

ಜಲವರ್ಣ ವಿಭಾಗ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ನೋಡಬೇಕೆನ್ನುವವರು ನಾಟಿ ಮುಗಿಯುವುದರೊಳಗೆ ಬನ್ನಿ. ಪ್ರವೇಶ ಉಚಿತ, ಬದುವಿನ ಮೇಲೇ ನಡೆಯಿರಿ.