ಯವನಪಾಕ ಪೂರ್ವಸಿದ್ಧತಾ ಮೀಮಾಂಸೆ: ಹೂಡೆಯ ಭರತ ಇಳಿತಗಳ ಬೆಳಕಿನಲ್ಲಿ

1. ಪೀಠಿಕೆ

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೇ ಪಟ್ಟಣದ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬಿಬ್ಬರು ಇಂಗ್ಲಿಷ್ ವಿದ್ವಾಂಸರು ಅಗೆದರು. ಅಲ್ಲಿ ಪಪೈರಸ್ ಹಾಳೆಯಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನಕ್ಕೆ 413 ಎಂದು ನಂಬರು ಕೊಟ್ಟು 1903ರಲ್ಲಿ ಅಚ್ಚು ಹಾಕಿಸಿದರು. ಭಾರತದ ಕರಾವಳಿಯ ಒಂದು ದೇಗುಲದಲ್ಲಿ ಸೆರೆಸಿಕ್ಕ ಚಾರಿಷನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಸಹೋದರನೂ ಅವನ ಕಡೆಯವರೂ ಹಡಗಿನಲ್ಲಿ ಬಂದು ಬಿಡಿಸಿಕೊಂಡು ಹೋಗುವ ಕಥೆ ಅದು. ಅದರಲ್ಲಿ ಇಲ್ಲಿನ ರಾಜನೂ ಪರಿವಾರದವರೂ ಆಡುವ ಮಾತು ಬಹುಮಟ್ಟಿಗೆ ಗ್ರೀಕ್ ಅಲ್ಲ. ಜರ್ಮನಿಯ ಹುಲ್ಟ್ಜ್ ಸಾಹೇಬರು 1904ರಲ್ಲೇ ಅದು ಕನ್ನಡವೆಂದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದರ ಮೇಲೆ ತಲೆ ಕೆಡಿಸಿಕೊಂಡರು. ಅದು ಯಾವ ಭಾಷೆಯೂ ಅಲ್ಲ, ಜನರನ್ನು ನಗಿಸಲು ಕಟ್ಟಿದ ಗದ್ದಲ ಎಂದವರೂ ಇದ್ದಾರೆ. ಅಂಥವರಿಗೆ ನಮ್ಮ ವಿಚಾರಸಂಕಿರಣಗಳಲ್ಲಿ ಮಧ್ಯಾಹ್ನದ ಊಟದ ನಂತರದ ಗೋಷ್ಠಿ ಕೊಡುವುದು ವಾಡಿಕೆ.

ಇಷ್ಟು ಜನ ರಾಜನ ಮಾತಿಗೆ ಕಿವಿಗೊಟ್ಟರು. ಬಂದ ಯವನರು ಅಡುಗೆಗೆ ಏನೇನು ತಯಾರಿ ಮಾಡಿಕೊಂಡಿದ್ದರೆಂದು ಒಬ್ಬರೂ ಕೇಳಲಿಲ್ಲ. ಆ ಕೊರತೆಯನ್ನು ನೀಗಲು ಈ ಮೀಮಾಂಸೆ.

2. ಸ್ಥಳನಿರ್ಣಯ

ಪ್ರಹಸನ ನಡೆದದ್ದು ಮಲ್ಪೆಯ ಆಸುಪಾಸು ಎಂಬ ವಾದ ಬಹಳ ಹಳೆಯದು. ಇದರಿಂದ ಮಲ್ಪೆಯವರಿಗೆ ಆಗಿರುವ ಸಂತೋಷವನ್ನು ಕೆಡಿಸುವ ಉದ್ದೇಶ ನಮಗಿಲ್ಲ. ಆದರೆ ಮಲ್ಪೆಯಿಂದ ಸ್ವಲ್ಪ ಉತ್ತರಕ್ಕೆ ನಡೆದರೆ ಹೂಡೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸ್ವರ್ಣೆ, ತುದಿಯಲ್ಲಿ ಕೋಡಿ ಬೆಂಗ್ರೆಯ ಅಳಿವೆ. ಹಡಗನ್ನು ಕಟ್ಟಿ ಬೇಳೆ ನೆನೆಹಾಕಲು ಇದಕ್ಕಿಂತ ಪ್ರಶಸ್ತ ಜಾಗ ಯಾವುದು? ಪಪೈರಸ್ಸಿನಲ್ಲಿ ಹೂಡೆಯ ಹೆಸರಿಲ್ಲ ಎಂದು ಆಕ್ಷೇಪಿಸಬಹುದು. ಹೆಣ್ಣನ್ನು ಕದ್ದೊಯ್ಯಲು ಬಂದವರು ವಿಳಾಸ ಬರೆದಿಟ್ಟು ಹೋಗುತ್ತಾರೆಯೇ? ಹೆಸರಿಲ್ಲದಿರುವುದೇ ಬಲವಾದ ಪ್ರಮಾಣ. ಈ ನ್ಯಾಯದಿಂದ ಕಾಪು, ಕಾರ್ಕಳಗಳಿಗೂ ಹಕ್ಕು ಬರುತ್ತದೆಂದು ಹೇಳುವವರು ತಂತಮ್ಮ ಪ್ರಬಂಧ ತಾವೇ ಬರೆದುಕೊಳ್ಳಲಿ.

3. ಭರತ ಪ್ರಕರಣ, ಅಥವಾ ನೀರು ಒಳಗೆ ಹೋಗುವ ಬಗೆ

ಗ್ರೀಕರ ಮನೆಯಡುಗೆಯ ಸಿದ್ಧತೆಗಳಲ್ಲಿ ಒಂದು ವರ್ಗವೆಲ್ಲ ನೀರು ಕುಡಿಸುವುದು. ಕಡಲೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಸಿಫ್ನೋಸ್ ದ್ವೀಪದಲ್ಲಿ ಹಾಗೆ ನೆನೆದ ಕಡಲೆಯನ್ನು ಈರುಳ್ಳಿ, ಆಲಿವ್ ಎಣ್ಣೆಯೊಡನೆ ಮಣ್ಣಿನ ಗಡಿಗೆಗೆ ತುಂಬಿ ಶನಿವಾರ ರಾತ್ರಿ ಒಲೆಗಿಟ್ಟರೆ ಭಾನುವಾರ ಇಗರ್ಜಿಯಿಂದ ಬರುವಾಗ ಊಟ ತಯಾರು. ಉಪ್ಪು ಹಾಕಿದ ಕಾಡ್ ಮೀನನ್ನು ಒಂದು ದಿನಕ್ಕೂ ಹೆಚ್ಚು ಹೊತ್ತು ನೀರು ಬದಲಿಸುತ್ತ ನೆನೆಸಿ, ಮಾರ್ಚ್ 25ರ ಹಬ್ಬಕ್ಕೆ ಕರಿದು ಬೆಳ್ಳುಳ್ಳಿಯ ಗೊಜ್ಜಿನೊಡನೆ ತಿನ್ನುತ್ತಾರೆ. ಉಪ್ಪುನೀರಿನ ದ್ರಾಕ್ಷಿ ಎಲೆಯನ್ನು ಸಿಹಿನೀರಿಗೆ ಹಾಕಿ ಉಪ್ಪಿಳಿಸಿ ಅಕ್ಕಿ ಸುತ್ತುತ್ತಾರೆ.

ಕಡಲೆಯನ್ನು ಸರಿಯಾಗಿ ನೆನೆಸದೆ, ನೆನೆದ ನೀರನ್ನು ಚೆಲ್ಲದೆ ಬೇಯಿಸಿದರೆ ಏನಾಗುತ್ತದೆ? ಪ್ರಹಸನವೇ ಉತ್ತರ ಕೊಡುತ್ತದೆ. ಬೇಟೆಯಿಂದ ಬಿಲ್ಲು ಹಿಡಿದು ಮರಳಿದ ಇಲ್ಲಿನ ಹೆಂಗಸರನ್ನು ಯವನರ ವಿದೂಷಕ ಓಡಿಸುವುದು ಕತ್ತಿಯಿಂದಲ್ಲ, ಹೂಸಿನಿಂದ. ಬದುಕುಳಿದರೆ ಆ ಹೂಸುದೇವಿಗೆ ಬೆಳ್ಳಿಯ ಮೂರ್ತಿ ಮಾಡಿಸುತ್ತೇನೆಂದು ಹರಕೆಯನ್ನೂ ಹೊರುತ್ತಾನೆ. ಪ್ರತಿಯಲ್ಲಿ ತಮಟೆಯ ಬಡಿತಕ್ಕೆ ಗುರುತು ಹಾಕಿದಂತೆ ಇದಕ್ಕೂ ಗುರುತುಗಳಿವೆ. ಸಾಹಿತ್ಯ ಚರಿತ್ರೆಕಾರರು ಇದನ್ನು ಹಾಸ್ಯವೆಂದು ತಳ್ಳಿಹಾಕಿದರು. ನಮ್ಮ ಮತದಲ್ಲಿ ಇದು ನೆನೆಹಾಕದ ದ್ವಿದಳ ಧಾನ್ಯದ ಬಗ್ಗೆ ಸಮಕಾಲೀನ ದಾಖಲೆ. ಹಡಗಿನಲ್ಲಿ ಸಿಹಿನೀರು ತುಟ್ಟಿ. ಇಂಗು ಇತ್ತೋ ಇಲ್ಲವೋ ದೇವಿಯೇ ಬಲ್ಲಳು.

4. ಇಳಿತ ಪ್ರಕರಣ, ಅಥವಾ ನೀರು ಹೊರಗೆ ಬರುವ ಬಗೆ

ಇನ್ನೊಂದು ವರ್ಗ ಇದಕ್ಕೆ ಪೂರ್ತಿ ತಿರುಗಾಮುರುಗಾ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕು, ನೀರಿಳಿಯಲಿ. ಸೌತೆಕಾಯಿ ತುರಿದು ಉಪ್ಪು ಬೆರೆಸು, ಹಿಂಡು. ಇವೆರಡನ್ನೂ ಬೆಳ್ಳುಳ್ಳಿಯೊಂದಿಗೆ ಕಲಸಿದರೆ ಅವರ ಝಾಝೀಕಿ. ಹಿಂಡುವ ತಾಳ್ಮೆ ಇಲ್ಲದಿದ್ದರೆ ಅದೇ ನಮ್ಮ ಮೊಸರು ಪಚಡಿ. ಪಾಲಕ್ ಬಾಡಿಸಿ ಹಿಂಡದೆ ಪದರಹಿಟ್ಟಿನಲ್ಲಿಟ್ಟರೆ ಅಡಿಯೆಲ್ಲ ಮುದ್ದೆ. ಆಕ್ಟೋಪಸನ್ನು ಕಡಲಬಂಡೆಗೆ ಬಡಿದು ಮೆದು ಮಾಡಿ ಬಿಸಿಲಿಗೆ ನೇತುಹಾಕುತ್ತಾರೆ. ಮಲ್ಪೆ ಧಕ್ಕೆಯಲ್ಲಿ ಅದರ ನೆಂಟನಾದ ಬೊಂಡಾಸನ್ನು ಹಾಗೆ ಬಡಿಯಲು ಹೊರಟರೆ ಮಾಲು ಹಾಳು ಮಾಡಿದಿರೆಂದು ದಂಡ ಬೀಳಬಹುದು, ಪ್ರಯೋಗವನ್ನು ಮುಂದೂಡಲಾಗಿದೆ.

ಮುಸಾಕ ಎಂಬ ಅವರ ಖಾದ್ಯಕ್ಕೆ ಬದನೆಯನ್ನು ಬಿಲ್ಲೆ ಕೊಯ್ದು ಉಪ್ಪು ಸವರಿ ಅರ್ಧ ಗಂಟೆ ಬಿಟ್ಟರೆ ಕಹಿಯೂ ನೀರೂ ಇಳಿದು, ಹುರಿಯುವಾಗ ಎಣ್ಣೆ ಕುಡಿಯುವ ಚಟ ಕಡಿಮೆಯಾಗುತ್ತದೆ. ಇದರ ಮೇಲೆ ಬಿಳಿ ಸಾಸಿನ ಹೊದಿಕೆಯನ್ನು ರೂಢಿಗೆ ತಂದವರು 1920ರ ದಶಕದಲ್ಲಿ ಪಾಕಶಾಸ್ತ್ರ ಬರೆದ ನಿಕೊಲಾವೊಸ್ ಟ್ಸೆಲೆಮೆಂಟಿಸ್. ಬದನೆ ಮಾತ್ರ ಈ ಕಡೆಯಿಂದಲೇ ಪಡುವಣಕ್ಕೆ ಹೋದದ್ದು. ವಾದಿರಾಜರು ಬೀಜ ಕೊಟ್ಟರೆಂದು ಐತಿಹ್ಯವಿರುವ, ಭೌಗೋಳಿಕ ಸೂಚ್ಯಂಕ ಪಡೆದ ಮಟ್ಟುಗುಳ್ಳವೆಂಬ ಬದನೆಗೆ ಸಿಪ್ಪೆ ತೆಳು, ಕಹಿ ಕಡಿಮೆ. ಉಪ್ಪು ಸವರುವ ಕೆಲಸವೇ ಬೇಡ. ಅಂದರೆ ಗ್ರೀಕರು ಉಪ್ಪಿನಿಂದ ಸಾಧಿಸಿದ್ದನ್ನು ಮಟ್ಟುವಿನವರು ಬೀಜದಲ್ಲೇ ಸಾಧಿಸಿದ್ದಾರೆ.

5. ಪೂರ್ವಪಕ್ಷ

ಮೇಲಿನ ಎರಡು ಪ್ರಕರಣಗಳನ್ನು ಹೂಡೆಯ ಒಂದು ಅಂಗಳದಲ್ಲಿ ಗಟ್ಟಿಯಾಗಿ ಓದಲಾಯಿತು. ಒಣಮೀನಿಗೆ ನೀರು ಹಾಕುತ್ತಿದ್ದ ಹಿರಿಯರೊಬ್ಬರು, ಕಡ್ಲೆ ನೆನೆಹಾಕುವುದು, ಸೌತೆ ಹಿಂಡುವುದು, ಎಲೆಯಲ್ಲಿ ಅಕ್ಕಿ ಸುತ್ತಿ ಪತ್ರೊಡೆ ಮಾಡುವುದು ಇಲ್ಲಿಯವರಿಗೆ ಹೊಸತಾ, ಇದರಲ್ಲಿ ಗ್ರೀಕರದ್ದು ಎಂತ ಉಂಟು ಎಂದು ಕೇಳಿದರು. ಶಾಸ್ತ್ರದಲ್ಲಿ ಇದನ್ನು ಪ್ರಬಲ ಪೂರ್ವಪಕ್ಷವೆನ್ನುತ್ತಾರೆ. ಉತ್ತರಿಸಲಾಗದ ಪೂರ್ವಪಕ್ಷವನ್ನು ಸಾಮ್ಯವೆಂದು ಕರೆದು ಸ್ವಪಕ್ಷಕ್ಕೆ ಸೇರಿಸಿಕೊಳ್ಳುವುದು ತೌಲನಿಕ ಅಧ್ಯಯನದ ಪದ್ಧತಿ. ಸೇರಿಸಿಕೊಳ್ಳಲಾಗಿದೆ.

6. ಸಿದ್ಧಾಂತ

ಹೀಗಾಗಿ ಯವನಪಾಕದ ಮೊದಲ ಸಾಮಗ್ರಿ ಆಲಿವ್ ಅಲ್ಲ, ನೀರು. ಯಾವುದಕ್ಕೆ ಎಷ್ಟು ಹಾಕಬೇಕು, ಯಾವುದರಿಂದ ಎಷ್ಟು ತೆಗೆಯಬೇಕು ಎಂಬ ವಿವೇಕವೇ ಸಿದ್ಧತೆ. ಇದಕ್ಕೆ ಪರಮಪ್ರಮಾಣ ದ್ರಾಕ್ಷಾರಸ. ಗ್ರೀಕರು ಅದನ್ನು ಹಾಗೆಯೇ ಕುಡಿದವರಲ್ಲ, ಅದಕ್ಕೆಂದೇ ಬಾಯಗಲದ ಪಾತ್ರೆಯಲ್ಲಿ ನೀರು ಬೆರೆಸುತ್ತಿದ್ದರು. ಮೂರು ಪಾಲು ನೀರಿಗೆ ಒಂದು ಪಾಲು ರಸ ಎಂದು ಹೆಸಿಯಡ್ ಕವಿ ವಿಧಿಸಿದ್ದಾನೆ. ಪ್ರಹಸನದ ಯವನರು ಮಾಡಿದ ಕುತಂತ್ರವೆಲ್ಲ ಇಷ್ಟೇ: ದ್ರಾಕ್ಷಾರಸದ ರೂಢಿಯಿಲ್ಲದ ನಮ್ಮ ರಾಜನಿಗೆ ನೀರು ಬೆರೆಸದೆ ಬಡಿಸಿದರು. ರಾಜ ಕುಡಿದ, ಹಾಡಿದ, ಕುಣಿದ. ಕಣ್ಣು ಬಿಡುವಷ್ಟರಲ್ಲಿ ಹಡಗು ಹೊರಟಿತ್ತು.

ಆ ರಾಜನ ವಂಶ ನಿಂತಿಲ್ಲವೆಂಬುದಕ್ಕೆ ನಾವೇ ಸಾಕ್ಷಿ. ಪಪೈರಸ್ಸಿನ ನಾಲ್ಕು ಸಾಲು ಸಿಕ್ಕಿದರೆ ಅದನ್ನೂ ನೀರು ಬೆರೆಸದೆ ಹೀರಿ, ಊರಿಗೂರೇ ಎರಡು ಸಾವಿರ ವರ್ಷ ಹಳತಾಯಿತೆಂದು ಕುಣಿಯುತ್ತೇವೆ. ಹೆಸಿಯಡ್‌ನ ವಿಧಿಯನ್ನು ಸಂಶೋಧನೆಗೂ ಅನ್ವಯಿಸತಕ್ಕದ್ದು: ಒಂದು ಪಾಲು ಊಹೆಗೆ ಮೂರು ಪಾಲು ನೀರು. ಪ್ರಸ್ತುತ ಮೀಮಾಂಸೆಯನ್ನು ಸಾಗಾಟದ ಅನುಕೂಲಕ್ಕಾಗಿ ನೀರಿಲ್ಲದೆ ಒದಗಿಸಲಾಗಿದೆ. ಓದುಗರು ತಂತಮ್ಮ ಬಾವಿಯಿಂದ ಬೆರೆಸಿಕೊಳ್ಳಬೇಕು. ಹೂಡೆಯ ಕಡೆಯವರು ಬೇಸಿಗೆಯಲ್ಲಿ ಬೆರೆಸುವುದಾದರೆ ನೀರು ಉಪ್ಪಾಗಿದೆಯೇ ಎಂದು ಮೊದಲು ರುಚಿ ನೋಡಿಕೊಳ್ಳಲಿ.