ಬೇಕಾಗಿದ್ದಾರೆ: ತ್ಯಾಗಮಯಿಗಳು

ಸಂಬಳ ಕಡಿಮೆ ಇಟ್ಟರೆ ಆಸೆಬುರುಕರು ಆ ಕಡೆ ತಲೆ ಹಾಕುವುದಿಲ್ಲ, ಸೇವಾಭಾವದವರು ಮಾತ್ರ ಬರುತ್ತಾರೆ ಎಂಬ ನಂಬಿಕೆ ಎಷ್ಟೋ ಟ್ರಸ್ಟುಗಳ ಆಡಳಿತ ಮಂಡಳಿಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದರ ಪರೀಕ್ಷೆ ನಡೆಯುವುದು ಜಾಹೀರಾತು ಬರೆಸುವಾಗ. ತಾಲ್ಲೂಕು ಕೇಂದ್ರವೊಂದರ ಡಿ.ಟಿ.ಪಿ. ಅಂಗಡಿಯಲ್ಲಿ ಟ್ರಸ್ಟಿನ ಅಧ್ಯಕ್ಷರಾದ ನಿವೃತ್ತ ಹೆಡ್‌ಮೇಷ್ಟ್ರು ಹೇಳುತ್ತಿದ್ದಾರೆ. ಹಳೆಯ ಶಿಷ್ಯ ಪುಟ್ಟರಾಜು ಟೈಪ್ ಮಾಡುತ್ತಿದ್ದಾನೆ.

ಮೇಷ್ಟ್ರು: ಬರಿ. “ಗ್ರಾಮೀಣ ಆರೋಗ್ಯ ಸಂಯೋಜಕರು ಬೇಕಾಗಿದ್ದಾರೆ. ಪದವಿ, ಕಂಪ್ಯೂಟರ್ ಜ್ಞಾನ, ಮೂರು ಭಾಷೆ, ಸ್ವಂತ ಬೈಕು, ತ್ಯಾಗಬುದ್ಧಿ.”

ಪುಟ್ಟರಾಜು: ಪೆಟ್ರೋಲು?

ಮೇಷ್ಟ್ರು: ಅದು ತ್ಯಾಗಬುದ್ಧೀಲೇ ಬಂತು.

ಪುಟ್ಟರಾಜು: ಸಂಬಳ?

ಮೇಷ್ಟ್ರು: “ಗೌರವಧನ ಮತ್ತು ಆತ್ಮತೃಪ್ತಿ.”

ಪುಟ್ಟರಾಜು: ಆತ್ಮತೃಪ್ತಿ ಒಂದನೇ ತಾರೀಕೇ ಬೀಳುತ್ತೋ, ಗ್ರ್ಯಾಂಟ್ ಬಂದ ಮೇಲೋ?

ಪುಟ್ಟರಾಜು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆದರೆ ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿಗಳ ಪ್ರಬಂಧಗಳನ್ನೆಲ್ಲ ಟೈಪ್ ಮಾಡುವವನು ಅವನೇ ಆದ್ದರಿಂದ, ಮಾರ್ಗದರ್ಶಕರು ಓದದ ಪುಟಗಳನ್ನೂ ಓದಿದ್ದಾನೆ.

ಮೇಷ್ಟ್ರು: ಕುಚೋದ್ಯ ಬೇಡ. 1905ರಲ್ಲಿ ಗೋಖಲೆಯವರು ಪುಣೇಲಿ ಭಾರತ ಸೇವಕ ಸಮಾಜ ಕಟ್ಟಿದಾಗ, ಸೇರಿದವರು ಸ್ವಂತಕ್ಕೆ ಹಣ ಸಂಪಾದಿಸಲ್ಲ ಅಂತ ಪ್ರತಿಜ್ಞೆ ಮಾಡ್ತಿದ್ರು, ಗೊತ್ತೇನೋ?

ಪುಟ್ಟರಾಜು: ಗೊತ್ತು ಮೇಷ್ಟ್ರೇ. ಅದೇ ಪ್ರತಿಜ್ಞೇಲಿ ಅವರ ಸಂಸಾರಕ್ಕೆ ಸಮಾಜ ಮಾಡೋ ಏರ್ಪಾಡಿನ ಮಾತೂ ಇತ್ತು. ಐದು ವರ್ಷ ತರಬೇತಿ ಬೇರೆ. ನಮ್ಮ ಟ್ರಸ್ಟಲ್ಲಿ ತರಬೇತಿ ಎಷ್ಟು?

ಮೇಷ್ಟ್ರು: ಅರ್ಧ ದಿನ. ಊಟ ಇದೆ.

ಪುಟ್ಟರಾಜು: ಜಾಂಬಿಯಾದ್ದು ಕೇಳಿ. 2010ರಲ್ಲಿ ಅಲ್ಲಿನ ಸರ್ಕಾರ ಹಳ್ಳಿಗಳಿಗೆ ಆರೋಗ್ಯ ಸಹಾಯಕರನ್ನ ತಗೊಳ್ತು. 48 ಜಿಲ್ಲೆ. ಅರ್ಧ ಕಡೆ ಊರಿನ ಸೇವೆ ಮಾಡಿ ಅಂತ ಪೋಸ್ಟರು, ಇನ್ನರ್ಧ ಕಡೆ ಈ ಕೆಲಸ ಹಿಡಿದ್ರೆ ಮುಂದೆ ಬರ್ತೀರಿ ಅಂತ ಪೋಸ್ಟರು. ಕೆಲಸ ಅದೇ, ಸಂಬಳ ಅದೇ.

ಮೇಷ್ಟ್ರು: ಮುಂದೆ ಬರೋಕೆ ಬಂದವರು ಮರುದಿನವೇ ಪಟ್ಟಣಕ್ಕೆ ವರ್ಗ ಕೇಳಿರ್ತಾರೆ.

ಪುಟ್ಟರಾಜು: ಶೇಕಡ 29ರಷ್ಟು ಹೆಚ್ಚು ಮನೆಗಳಿಗೆ ಹೋಗಿಬಂದ್ರು. ಅವರಿದ್ದ ಕಡೆ ತೂಕ ಕಮ್ಮಿ ಇರೋ ಮಕ್ಕಳೂ ಕಮ್ಮಿಯಾದ್ರು.

ಮೇಷ್ಟ್ರು: ದುರಾಸೆಯವನು ಒಬ್ಬನೂ ಬರಲಿಲ್ವೇನೋ?

ಪುಟ್ಟರಾಜು: ಸ್ವಂತದ ಯೋಚನೆಯವರೂ ಅರ್ಜಿ ಹಾಕಿದ್ರು. ಸಂದರ್ಶನಕ್ಕೆ ಕೂತವರು ಜರಡಿ ಹಿಡಿದ್ರು.

ಅರ್ಥಶಾಸ್ತ್ರಜ್ಞರಾದ ನಾವಾ ಅಶ್ರಫ್, ಓರಿಯಾನಾ ಬಂದಿಯೇರಾ ಮತ್ತು ಸಂಗಡಿಗರು ಮಾಡಿದ ಈ ಪ್ರಯೋಗದಲ್ಲಿ ಗಮನಿಸಬೇಕಾದದ್ದು ಆ ಜರಡಿಯನ್ನೇ. ಸೇವಾಭಾವವನ್ನು ಸೋಸುವ ಕೆಲಸ ಸಂದರ್ಶನದ್ದು. ಅದನ್ನು ಸಂಬಳಕ್ಕೆ ವಹಿಸಿದರೆ, ಸಂಬಳವು ಚುರುಕಾದವರನ್ನೂ ಮನೆಬಾಡಿಗೆ ಕಟ್ಟಬೇಕಾದವರನ್ನೂ ಒಟ್ಟಿಗೇ ಹೊರಗೆ ಹಾಕುತ್ತದೆ. ಮೆಕ್ಸಿಕೊದಲ್ಲಿ 2011ರಲ್ಲಿ ಅಭಿವೃದ್ಧಿ ಕಾರ್ಯಕರ್ತರ ನೇಮಕಕ್ಕೆ ಕೆಲವು ಕಡೆ 3,750, ಕೆಲವು ಕಡೆ 5,000 ಪೆಸೊ ಸಂಬಳವೆಂದು ಪ್ರಕಟಿಸಿ ನೋಡಲಾಯಿತು. ಹೆಚ್ಚು ಸಂಬಳದ ಕಡೆಗೆ ಹೆಚ್ಚು ಸಮರ್ಥರು ಬಂದರು. ಸಾರ್ವಜನಿಕ ಸೇವೆಯ ಒಲವೂ ಅವರಲ್ಲಿ ಕಡಿಮೆಯೇನಿರಲಿಲ್ಲ.

ಮೇಷ್ಟ್ರು: ಹೊರದೇಶದ ಮಾತು ಬಿಡು. ನಮ್ಮ ಆಶಾ ಕಾರ್ಯಕರ್ತೆಯರು ಗೌರವಧನದಲ್ಲೇ ದುಡೀತಿಲ್ವೆ? 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಡ್ತು.

ಪುಟ್ಟರಾಜು: ಕೊಡ್ತು. 2025ರ ಜನವರಿ ಚಳೀಲಿ ಅದೇ ಅಕ್ಕಂದಿರು ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಗೌರವಧನ ಸಾಲದು ಅಂತ ಧರಣಿ ಕೂತ್ರು.

ಮೇಷ್ಟ್ರು: ಸರ್ಕಾರಿ ಕೆಲಸ ಅಂದ್ರೆ ಮಾತ್ರ ಜನ ಮುಗಿಬೀಳ್ತಾರೆ.

ಪುಟ್ಟರಾಜು: ಕಾಯೋಕೆ ಆಗೋರು. ಕೆ.ಪಿ.ಎಸ್.ಸಿ.ಯ 2011ರ ಸಾಲಿನ 362 ಹುದ್ದೆಗಳ ಆಯ್ಕೆ ಊರ್ಜಿತ ಮಾಡೋಕೆ 2022ರಲ್ಲಿ ಕಾಯ್ದೇನೇ ತರಬೇಕಾಯ್ತು. ಬೇರೆ ದಾರಿ ಇದ್ದವರು ಅಲ್ಲಿವರೆಗೆ ಕೂತಿರ್ತಾರಾ? ಸಂದರ್ಶನ ಯಾವತ್ತು, ಆದೇಶ ಯಾವತ್ತು ಅಂತ ನೀವಾದ್ರೂ ಈಗಲೇ ಹಾಕಿಬಿಡಿ.

ಮೇಷ್ಟ್ರು ಹೊರಗೆ ಹೋಗಿ ಖಜಾಂಚಿಗೆ ಫೋನ್ ಮಾಡಿದರು. ಖಜಾಂಚಿಯ ಧ್ವನಿ ಅಂಗಡಿಯೊಳಗೂ ಕೇಳಿಸಿತು. ಹತ್ತು ನಿಮಿಷದ ಮೇಲೆ ಒಳಗೆ ಬಂದು ಕೂತರು.

ಮೇಷ್ಟ್ರು: ಒಪ್ಪಿದ. ಓದು.

ಪುಟ್ಟರಾಜು: “ತಿಂಗಳಿಗೆ ರೂ. 22,000. ಪೆಟ್ರೋಲ್ ಖರ್ಚು ಪ್ರತ್ಯೇಕ. ಮೂರು ತಿಂಗಳ ತರಬೇತಿ. ಎರಡು ವರ್ಷದ ನಂತರ ತಾಲ್ಲೂಕು ಮೇಲ್ವಿಚಾರಕರಾಗಲು ಅವಕಾಶ. ಸಂದರ್ಶನಕ್ಕೆ ಮೊದಲು ಒಂದು ದಿನ ನಮ್ಮ ಕಾರ್ಯಕರ್ತರ ಜೊತೆ ಹಳ್ಳಿ ಸುತ್ತಬೇಕು.”

ಮೇಷ್ಟ್ರು: ಸುತ್ತೋದು ಯಾಕೆ?

ಪುಟ್ಟರಾಜು: ಬಿಸಿಲಲ್ಲಿ ಹತ್ತು ಮನೆ ತಿರುಗಿ, ನಾಯಿ ಅಟ್ಟಿಸಿಕೊಂಡು ಬಂದ ಮೇಲೂ, ಆ ಬಾಣಂತಿ ಮಗು ಹಾಲು ಕುಡೀತಾ ಅಂತ ಸಂಜೆ ಯಾರು ವಿಚಾರಿಸ್ತಾರೋ ಅವರನ್ನ ತಗೊಳ್ಳಿ.

ಮೇಷ್ಟ್ರು: ಅದೇನೋ ಸರಿ. ಆದ್ರೆ ಸೇವೆ ಅನ್ನೋ ಮಾತೇ ಎಲ್ಲೂ ಇಲ್ವಲ್ಲೋ?

ಪುಟ್ಟರಾಜು: ಟ್ರಸ್ಟಿನ ಹೆಸರಲ್ಲೇ ಇದೆಯಲ್ಲ ಮೇಷ್ಟ್ರೇ.

ಮೇಷ್ಟ್ರು: ಹಾಗಾದ್ರೆ ಹೆಸರು ದಪ್ಪಕ್ಷರದಲ್ಲಿ ಹಾಕು.

ಪುಟ್ಟರಾಜು: ಸಂಬಳಾನೂ ಅದೇ ಅಳತೇಲಿ ಹಾಕ್ತೀನಿ.